ಚೌಕಾಬಾರ ಹೊತ್ತುಕೊಂಡು ಗೇಮಿಂಗ್ ಮೇಳಕ್ಕೆ

ನನಗೆ ಬೇಕಾಗಿದ್ದದ್ದು 12 ಜನ. ಆಟ ಆಡೋಕೆ ಅಲ್ಲ, ನಾವು ಮಾಡಿದ ಆಟಕ್ಕೆ ಪ್ಲೇ ಸ್ಟೋರ್‌ನ ಬಾಗಿಲು ತೆಗೆಸೋಕೆ.

ಗೂಗಲ್ ಪ್ಲೇನಲ್ಲಿ ಡೆವಲಪರ್ ಅಕೌಂಟ್‌ಗೆ 25 ಡಾಲರ್ ಒಂದೇ ಸಲ ಕಟ್ಟಿದರೆ ಮುಗೀತು ಅಂತ ಸುಮಾರು ಜನ ಅಂದುಕೊಂಡಿದ್ದಾರೆ. ಮುಗಿಯಲ್ಲ. 2023ರ ನವೆಂಬರ್ ಮಧ್ಯದಿಂದ ಈಚೆಗೆ ಸ್ವಂತ ಹೆಸರಲ್ಲಿ ಅಕೌಂಟ್ ಮಾಡಿದವರು ಮೊದಲು ಕ್ಲೋಸ್ಡ್ ಟೆಸ್ಟ್, ಅಂದರೆ ಆಯ್ದ ಕೆಲವರಿಗೆ ಮಾತ್ರ ಆಪ್ ಕೊಟ್ಟು ಪರೀಕ್ಷೆ, ನಡೆಸಬೇಕು. ಕಡಿಮೆ ಅಂದರೂ 12 ಜನ, ಸತತ 14 ದಿನ ಟೆಸ್ಟರ್‌ಗಳಾಗಿ ಉಳಿದಿರಬೇಕು. ಮೊದಲು 20 ಜನ ಬೇಕಿತ್ತು. 2024ರ ಕೊನೆಗೆ 12ಕ್ಕೆ ಇಳಿಸಿದರು, ಪುಣ್ಯ. ಕ್ಲಾಸಲ್ಲಿ ಅಷ್ಟೊಂದು ಜನ ಇದ್ದಾರಲ್ಲ, 12 ಜನ ಸಿಗಲ್ವಾ ಅಂತೀರಾ? ಸಿಗುತ್ತಾರೆ. "ಆಯ್ತು ಮಗಾ, ಲಿಂಕ್ ಕಳಿಸು" ಅಂತಾರೆ. ಒಂದು ಸಲ ತೆರೆದು ನೋಡಿ "ಸೂಪರ್" ಅಂತಾರೆ. ಆಮೇಲೆ ಆ ಕಡೆ ತಲೆ ಹಾಕಲ್ಲ. ಸೂಪರ್ ಅಂದರೆ ನಾನು ಏನನ್ನು ಸರಿ ಮಾಡಲಿ?

ಅದಕ್ಕೇ ಬೆಂಗಳೂರಿನ ಒಂದು ಗೇಮಿಂಗ್ ಮೇಳದಲ್ಲಿ ವಿದ್ಯಾರ್ಥಿಗಳಿಗೆ ಟೇಬಲ್ ಕೊಡುತ್ತಾರೆ ಅಂತ ಗೊತ್ತಾದ ಕೂಡಲೇ ಅರ್ಜಿ ಹಾಕಿದೆ. ಒಂದು ನಿಮಿಷದ ವಿಡಿಯೋ, ಆಟ ಓಡುವ ಬಿಲ್ಡ್ (ಆಡಿ ನೋಡಬಹುದಾದ ಆವೃತ್ತಿ), ನಾಲ್ಕು ಸಾಲಿನ ವಿವರಣೆ. ಅಷ್ಟೇ ಕೇಳಿದ್ದು. ವಿಡಿಯೋದಲ್ಲಿ ಲೋಗೊ, ಟೈಟಲ್ ಎಲ್ಲ ಹಾಕದೆ ಮೊದಲ ಸೆಕೆಂಡಿನಿಂದಲೇ ಆಟ ತೋರಿಸಿದ್ದೆ. ನೂರಾರು ವಿಡಿಯೋ ನೋಡುವವರಿಗೆ ನಮ್ಮ ಲೋಗೊ ತಿರುಗೋದನ್ನು ನೋಡುವ ತಾಳ್ಮೆ ಎಲ್ಲಿರುತ್ತೆ?

ನಮ್ಮ ಆಟ ಚೌಕಾಬಾರ. ಕೋಡಿಂಗ್ ನನ್ನದು, ಚಿತ್ರಗಳು ಗೆಳೆಯನವು. ಗೊತ್ತಿಲ್ಲದವರಿಗೆ ಹೇಳುವುದಾದರೆ, ಐದು ಐದರ 25 ಮನೆ, ಒಬ್ಬೊಬ್ಬರಿಗೆ ನಾಲ್ಕು ಕಾಯಿ, ಎಸೆಯೋಕೆ ನಾಲ್ಕು ಕವಡೆ. ನಾಲ್ಕೂ ಬಾಯಿ ಮೇಲಾಗಿ ಬಿದ್ದರೆ ಚೌಕ ಅಂದರೆ ನಾಲ್ಕು, ನಾಲ್ಕೂ ಮಗುಚಿ ಬಿದ್ದರೆ ಬಾರ ಅಂದರೆ ಎಂಟು. ಹೊರಗಿನ 16 ಮನೆ ಸುತ್ತಿ, ಒಳಗಿನ 8 ಮನೆ ಸುತ್ತಿ, ನಡುಮನೆ ಸೇರಿದರೆ ಕಾಯಿ ಹಣ್ಣಾಯಿತು. ಆದರೆ ಎದುರಾಳಿಯ ಒಂದು ಕಾಯನ್ನಾದರೂ ಹೊಡೆಯದೆ ಒಳಸುತ್ತಿಗೆ ಹೋಗುವ ಹಾಗಿಲ್ಲ. ಆಟದ ಮಜಾ ಇರುವುದೇ ಅಲ್ಲಿ. ನಮ್ಮ ತಲೆನೋವು ಇದ್ದದ್ದೂ ಅಲ್ಲೇ.

ಹೋಗುವ ಮೊದಲು ಮಾಡಿಕೊಂಡ ತಯಾರಿ ಬಗ್ಗೆ ಸ್ವಲ್ಪ ಹೇಳಲೇಬೇಕು, ಯಾಕೆಂದರೆ ಇದನ್ನು ಯಾರೂ ಹೇಳಿಕೊಡಲ್ಲ. ಎರಡು ಹಳೇ ಆಂಡ್ರಾಯ್ಡ್ ಟ್ಯಾಬ್ ತಂದುಕೊಂಡೆವು. ಎರಡರಲ್ಲೂ ಏರೋಪ್ಲೇನ್ ಮೋಡ್ ಹಾಕಿ, ಸೆಟ್ಟಿಂಗ್ಸ್‌ನಲ್ಲಿ ಆಪ್ ಪಿನ್ನಿಂಗ್ ಆನ್ ಮಾಡಿದೆ. ಪಿನ್ ಮಾಡಿದರೆ ಹುಡುಗರು ಆಟದಿಂದ ಸುಲಭವಾಗಿ ಹೊರಗೆ ಬಂದು ಯೂಟ್ಯೂಬ್ ತೆಗೆಯೋಕಾಗಲ್ಲ. ಯಾರೂ ಮುಟ್ಟದೆ ಮುಕ್ಕಾಲು ನಿಮಿಷ ಕಳೆದರೆ ಆಟ ತಾನಾಗಿ ಮೊದಲ ಪರದೆಗೆ ಮರಳುವ ಹಾಗೆ ಕೋಡ್ ಬರೆದೆ. ಅರ್ಧ ಆಡಿ ಎದ್ದುಹೋಗುವವರೇ ಜಾಸ್ತಿ, ಮುಂದೆ ಬಂದವರು ಇನ್ನೊಬ್ಬರ ಆಟದ ನಡುವೆ ಕೂರಬಾರದು. ನೆಟ್ ಬೇಕಾದ ಎಲ್ಲವನ್ನೂ ಆ ಬಿಲ್ಡ್‌ನಿಂದ ಕಿತ್ತುಹಾಕಿದೆ. ಜನಜಂಗುಳಿಯಲ್ಲಿ ಮೊಬೈಲ್ ನೆಟ್‌ವರ್ಕ್ ನಂಬಿಕೊಂಡು ಹೋದರೆ ದೇವರೇ ಗತಿ. ಎಕ್ಸ್‌ಟೆನ್ಷನ್ ಬಾಕ್ಸ್, ಟೇಪು, ಒಂದು ನೋಟ್‌ಬುಕ್ಕು, ಎರಡು ಪೆನ್ನು. ಜೊತೆಗೆ ನಿಜವಾದ ಕವಡೆಗಳು, ಚೌಕಾಬಾರದ ಮನೆ ಬರೆದ ಒಂದು ಬಟ್ಟೆ.

ನಾನಿರುವುದು ಜ್ಞಾನಭಾರತಿ ಕಡೆ, ಮೇಳ ಇದ್ದದ್ದು ವೈಟ್‌ಫೀಲ್ಡ್ ಕಡೆ. ಅಂದರೆ ಊರಿನ ಈ ತುದಿಯಿಂದ ಆ ತುದಿ. 2023ರ ಅಕ್ಟೋಬರ್‌ನಲ್ಲಿ ಮೆಟ್ರೊದ ನೇರಳೆ ಮಾರ್ಗ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ಪೂರ್ತಿ ಶುರುವಾದ ಮೇಲೆ ಮಧ್ಯದಲ್ಲಿ ಇಳಿದು ಹತ್ತುವ ಗೋಳಿಲ್ಲ. ಮೆಟ್ರೊ ಸೆಕ್ಯುರಿಟಿಯವರು ಬ್ಯಾಗಿನಿಂದ ಕವಡೆ ಚೀಲ ತೆಗೆಸಿ, "ಶಾಸ್ತ್ರ ಹೇಳ್ತೀಯೇನಪ್ಪಾ?" ಅಂತ ಕೇಳಿದರು.

ಹಾಲ್ ಒಳಗೆ ಹೋದರೆ ಮೊದಲು ಸಿಗುವುದು ಗಲಾಟೆ. ಒಂದು ಕಡೆ ಬಿಜಿಎಂಐ ಅನ್ನುವ ಮೊಬೈಲ್ ಶೂಟಿಂಗ್ ಆಟದ ಟೂರ್ನಮೆಂಟ್ ವೇದಿಕೆ, ಕಾಮೆಂಟ್ರಿ ಹೇಳುವವರ ಕಿರುಚಾಟ. ಇನ್ನೊಂದು ಕಡೆ ಸ್ಟೀರಿಂಗ್ ಹಿಡಿದು ಓಡಿಸುವ ರೇಸಿಂಗ್ ಸೀಟುಗಳು, ವಿಆರ್ ಕನ್ನಡಕದ ಕ್ಯೂ, ರಟ್ಟಿನ ರೆಕ್ಕೆ ಕಟ್ಟಿಕೊಂಡ ಕಾಸ್‌ಪ್ಲೇ ಹುಡುಗಿಯರು. ಹೊಸ ಗೇಮ್‌ಗಳ ಡೆಮೊ ಕ್ಯೂನಲ್ಲಿ ಎರಡು ಗಂಟೆ ನಿಂತು ಹತ್ತು ನಿಮಿಷ ಆಡಿ ಬರುವವರಿದ್ದರು. ಖುಷಿಯಾದರೆ ನಿಲ್ಲಲಿ, ಬೇಡ ಅನ್ನಲ್ಲ. ಗೇಮ್ ಮಾಡುವುದನ್ನು ಕಲಿಯಬೇಕು ಅನ್ನುವ ವಿದ್ಯಾರ್ಥಿ ಮಾತ್ರ ಅಲ್ಲಿ ನಿಲ್ಲುವ ಬದಲು ಚಿಕ್ಕ ಚಿಕ್ಕ ತಂಡಗಳ ಟೇಬಲ್‌ಗಳ ಹಿಂದೆ ನಿಲ್ಲಬೇಕು ಅಂತ ನನ್ನ ಅಭಿಪ್ರಾಯ. ಅಲ್ಲಿ ಗೇಮ್ ಮಾಡಿದವರೇ ಕೂತಿರುತ್ತಾರೆ, ಕೇಳಿದ್ದಕ್ಕೆ ಉತ್ತರ ಸಿಗುತ್ತೆ.

ಕವಡೆಯ ಸದ್ದಿಗೆ ಅಂತ ನಾವು ಎಷ್ಟು ಕಷ್ಟಪಟ್ಟಿದ್ದೆವೋ ಅದು ಆ ಗಲಾಟೆಯಲ್ಲಿ ಯಾರಿಗೂ ಕೇಳಿಸಲಿಲ್ಲ. ಬಟ್ಟೆ ಮೇಲೆ ಇಟ್ಟಿದ್ದ ನಿಜವಾದ ಕವಡೆ ಮಾತ್ರ ಜನರನ್ನು ಎಳೆಯಿತು. ಹುಡುಗರು ಕೈಗೆ ತೆಗೆದುಕೊಂಡು ತಿರುಗಿಸಿ ನೋಡೋರು. ಅವರ ಹಿಂದೆ ಬಂದ ಅಪ್ಪ ಅಮ್ಮ, "ಅಯ್ಯೋ, ಇದು ನಮ್ಮ ಆಟ ಕಣೋ" ಅಂತ ಕೂತೇಬಿಡೋರು. ಮಗ ಟ್ಯಾಬ್‌ನಲ್ಲಿ, ಅಮ್ಮ ಬಟ್ಟೆ ಮೇಲೆ.

ಅಂಥ ಒಬ್ಬ ಅಮ್ಮ ಟ್ಯಾಬ್‌ನಲ್ಲಿ ಆಡುತ್ತಾ ಆಡುತ್ತಾ ಮುಖ ಸಿಂಡರಿಸಿದರು. "ಇದೇನಪ್ಪಾ, ಬಾರ ಬೀಳೋದೇ ಇಲ್ವಲ್ಲ! ನಮ್ಮಜ್ಜಿ ಎಸೆದರೆ ಬಾರದ ಮೇಲೆ ಬಾರ ಬೀಳೋದು." ಲೆಕ್ಕದ ಪ್ರಕಾರ ನಮ್ಮ ಆಟ ಸರಿಯಾಗಿಯೇ ಇತ್ತು. ಒಂದೊಂದು ಕವಡೆ ಬಾಯಿ ಮೇಲಾಗಿ ಬೀಳುವುದು, ಮಗುಚಿ ಬೀಳುವುದು ಸಮ ಅಂತ ಇಟ್ಟುಕೊಂಡರೆ ನಾಲ್ಕೂ ಮಗುಚಿ ಬಾರ ಬೀಳುವುದು 16ರಲ್ಲಿ ಒಂದು ಸಲ. ನಾಲ್ಕೂ ಮೇಲಾಗಿ ಚೌಕ ಬೀಳುವುದೂ ಅಷ್ಟೇ. ಎರಡು ಬೀಳುವುದು 16ರಲ್ಲಿ ಆರು ಸಲ. ನಿಜವಾದ ಕವಡೆ ಹೀಗೆ ಸಮ ಇರಲ್ಲ, ಒಂದು ಕಡೆ ಉಬ್ಬು, ಒಂದು ಕಡೆ ಬಾಯಿ. ಅದರ ಮೇಲೆ ಅಜ್ಜಿಯರ ಕೈಚಳಕ ಬೇರೆ. ಆ ಅಮ್ಮನಿಗೆ 16ರಲ್ಲಿ ಒಂದು ಅಂತ ಹೇಳಿದೆ. "ನಿಮ್ಮ ಲೆಕ್ಕ ನೀವೇ ಇಟ್ಕೊಳ್ಳಿ" ಅಂದರು.

ಮಧ್ಯಾಹ್ನ ಇದನ್ನೇ ಒಂದು ಸ್ಟುಡಿಯೋದ ಗೇಮ್ ಡಿಸೈನರ್ ಹತ್ತಿರ ಕೇಳಿದೆ. ಅವರು ನಕ್ಕರು. ಆಡುವವರಿಗೆ ನಿಜವಾದ ಅದೃಷ್ಟ ಯಾವಾಗಲೂ ಮೋಸದ ಹಾಗೇ ಕಾಣುತ್ತೆ ಅಂದರು. ಜಪಾನಿನ ಫೈರ್ ಎಂಬ್ಲಂ ಸರಣಿಯ ಉದಾಹರಣೆ ಕೊಟ್ಟರು. 2002ರಲ್ಲಿ ಬಂದ ಆಟದಿಂದ ಶುರುವಾಗಿ ಆ ಸರಣಿಯ ಹಲವು ಆಟಗಳಲ್ಲಿ, ಏಟು ಬೀಳುವ ಸಾಧ್ಯತೆ ನೂರಕ್ಕೆ 90 ಅಂತ ಪರದೆ ಮೇಲೆ ತೋರಿಸಿದರೂ ಒಳಗೆ 0ಯಿಂದ 99ರವರೆಗಿನ ಎರಡು ಸಂಖ್ಯೆ ತೆಗೆದು ಸರಾಸರಿ ಮಾಡುತ್ತಾರೆ, ಅದು 90ಕ್ಕಿಂತ ಕಡಿಮೆ ಬಂದರೆ ಏಟು. ಹಾಗಾಗಿ ನಿಜಕ್ಕೂ ಏಟು ಬೀಳುವುದು ನೂರಕ್ಕೆ 98ರ ಹತ್ತಿರ. ಆಡುವವರಿಗೆ ಅದೇ ನ್ಯಾಯ ಅನಿಸುತ್ತೆ! ನಾನು ಆ ದಾರಿ ಹಿಡಿಯಲಿಲ್ಲ. ಅಲ್ಲಿ ಎದುರಿಗಿರುವುದು ಕಂಪ್ಯೂಟರ್, ಅದಕ್ಕೆ ಅನ್ಯಾಯವಾದರೆ ಕೇಳುವವರಿಲ್ಲ. ಚೌಕಾಬಾರದಲ್ಲಿ ಪಕ್ಕದಲ್ಲೇ ತಂಗಿ ಕೂತಿರುತ್ತಾಳೆ. ಒಬ್ಬರಿಗೆ ಬಾರ ಜಾಸ್ತಿ ಕೊಟ್ಟರೆ ಇನ್ನೊಬ್ಬರ ಕಾಯಿ ಸತ್ತ ಹಾಗೆ. ಬದಲಿಗೆ ಆಟ ಮುಗಿದ ಮೇಲೆ ಯಾರಿಗೆ ಎಷ್ಟು ಚೌಕ, ಎಷ್ಟು ಬಾರ ಬಿತ್ತು ಅಂತ ಲೆಕ್ಕ ತೋರಿಸುವ ಒಂದು ಪರದೆ ಸೇರಿಸಿದೆ. ಜಗಳ ಅಲ್ಲಿಗೆ ನಿಲ್ಲುತ್ತೆ. ಪೂರ್ತಿ ಅಲ್ಲ, ಸ್ವಲ್ಪ.

ಇನ್ನು ನನಗೆ ಜಾಸ್ತಿ ಉಪಯೋಗವಾದದ್ದು ಬಾಯಿ ಮುಚ್ಚಿಕೊಂಡು ನಿಂತಿದ್ದು. ಆಡಲು ಕೂತವರಿಗೆ ನಾವಿಬ್ಬರೂ ಏನೂ ಹೇಳಿಕೊಡಬಾರದು ಅಂತ ಮೊದಲೇ ಮಾತಾಡಿಕೊಂಡಿದ್ದೆವು. ಪ್ಲೇ ಸ್ಟೋರ್‌ನಿಂದ ಇಳಿಸಿಕೊಂಡವರ ಮನೆಗೆ ಹೋಗಿ ನಾನು ವಿವರಿಸೋಕಾಗುತ್ತಾ? ಅವರ ಮುಖ ನೋಡುವುದಕ್ಕಿಂತ ಬೆರಳು ನೋಡಿದರೆ ಜಾಸ್ತಿ ಗೊತ್ತಾಗುತ್ತೆ. ಒಬ್ಬ ಹುಡುಗ, ಎಂಟನೇ ಕ್ಲಾಸ್ ಇರಬಹುದು, ಅವನ ಕಾಯಿ ಹೊರಸುತ್ತು ಮುಗಿಸಿ ಒಳಸುತ್ತಿನ ಬಾಯಿಗೆ ಬಂದು ನಿಂತಿತು. ಅವನು ಇನ್ನೂ ಯಾರನ್ನೂ ಹೊಡೆದಿರಲಿಲ್ಲ. ಕಾಯಿ ಒತ್ತಿದ, ಹೋಗಲಿಲ್ಲ. ಇನ್ನೂ ಜೋರಾಗಿ ಒತ್ತಿದ. ಆಮೇಲೆ ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡು ಮತ್ತೆ ಒತ್ತಿದ. ಪರದೆಯೇ ಕೆಟ್ಟಿದೆ ಅಂತ ಅವನ ಲೆಕ್ಕ. ಪಕ್ಕದಲ್ಲಿ ನಿಂತಿದ್ದ ಗೆಳೆಯ ಹೇಳಲು ಬಾಯಿ ತೆಗೆದ, ನಾನು ಅವನ ಕಾಲು ತುಳಿದೆ. ಇದೇ ಜಾಗದಲ್ಲಿ ಇನ್ನೂ ಹಲವರು ಹೀಗೇ ಸಿಕ್ಕಿಕೊಂಡರು. ನಿಯಮಗಳ ಪುಟದಲ್ಲಿ ಎಲ್ಲವನ್ನೂ ಚೆನ್ನಾಗಿ ಬರೆದಿದ್ದೆವು, ಆದರೆ ನಿಯಮಗಳ ಪುಟವನ್ನು ಯಾರು ಓದುತ್ತಾರೆ ಹೇಳಿ. ಈಗ ಒಳಸುತ್ತಿನ ಬಾಯಿಗೆ ಒಂದು ಬೀಗ ಬರೆದಿದ್ದೇವೆ. ಎದುರಾಳಿಯ ಕಾಯಿ ಹೊಡೆದ ಕೂಡಲೇ ಬೀಗ ಒಡೆದು ಬೀಳುತ್ತೆ. ಒಂದಕ್ಷರ ಓದುವ ಅಗತ್ಯವಿಲ್ಲ.

ದೊಡ್ಡವರ ತಕರಾರು ಬೇರೆ ತರದ್ದು. ಎರಡು ಕಾಯಿ ಜೋಡಿಸಿ ಗಟ್ಟ ಮಾಡಬಹುದು ಅಂತ ಒಬ್ಬರು, ನಮ್ಮೂರಲ್ಲಿ ಹಾಗಿಲ್ಲ ಅಂತ ಇನ್ನೊಬ್ಬರು. ಒಂದರ ಹಿಂದೆ ಒಂದು ಮೂರು ಸಲ ಬಾರ ಬಿದ್ದರೆ ಲೆಕ್ಕಕ್ಕಿಲ್ಲ ಅಂತ ಮತ್ತೊಬ್ಬರು. ಗುರುತು ಪರಿಚಯ ಇಲ್ಲದ ಇಬ್ಬರು ಹಿರಿಯರು ನಮ್ಮ ಟೇಬಲ್ ಮುಂದೆ ನಿಂತು ಕಟ್ಟೆ ಪಂಚಾಯಿತಿ ನಡೆಸಿದರು. ಯಾರು ಸರಿ ಅಂತ ತೀರ್ಮಾನ ಮಾಡೋಕೆ ನಾನ್ಯಾರು? ಸೆಟ್ಟಿಂಗ್ಸ್‌ನಲ್ಲಿ "ನಮ್ಮನೆ ರೂಲ್ಸ್" ಅಂತ ಒಂದು ಪುಟ ಮಾಡಿ ಎಲ್ಲವನ್ನೂ ಆನ್ ಆಫ್ ಮಾಡುವ ಹಾಗೆ ಬಿಟ್ಟೆ.

ಸುತ್ತಮುತ್ತ ಟೇಬಲ್‌ಗಳಲ್ಲಿ ಕನ್ನಡದಲ್ಲಿ ಇದ್ದ ಆಟ ನಮ್ಮದೊಂದೇ. ಇದಕ್ಕೆ ಅಭಿಮಾನ ಕಡಿಮೆ ಅನ್ನುವುದಷ್ಟೇ ಕಾರಣ ಅಲ್ಲ. ಪಕ್ಕದ ಟೇಬಲ್‌ನ ಹುಡುಗಿ ಮಂಡ್ಯದವಳು, ಯೂನಿಟಿ ಅನ್ನುವ ಗೇಮ್ ಮಾಡುವ ಸಾಫ್ಟ್‌ವೇರ್‌ನಲ್ಲಿ ಆಟ ಮಾಡಿದ್ದಳು. ಕನ್ನಡ ಹಾಕಲು ನೋಡಿದಾಗ "ಗೆದ್ದಿರಿ" ಅನ್ನುವುದು "ಗೆದ್‌ದಿರಿ" ಅಂತ ಒಡೆದು ಬಂತಂತೆ. ಯೂನಿಟಿಯಲ್ಲಿ ಬರಹ ತೋರಿಸೋಕೆ ಬಹಳ ಜನ ಬಳಸುವ ಟೆಕ್ಸ್ಟ್‌ಮೆಶ್ ಪ್ರೊ ಅಕ್ಷರಗಳನ್ನು ಒಂದರ ಪಕ್ಕ ಒಂದು ಇಡುತ್ತೆ ಅಷ್ಟೇ, ಒತ್ತಕ್ಷರ ಕೂಡಿಸುವುದು ಅದಕ್ಕೆ ಬರಲ್ಲ. ಅವಳು ಬೇಸತ್ತು ಇಂಗ್ಲಿಷಿಗೆ ಹೋದಳು. ನಾನು ಅಂಥದ್ದೇ ಇನ್ನೊಂದು ಸಾಫ್ಟ್‌ವೇರ್ ಗೋಡೋ 4 ಹಿಡಿದದ್ದೇ ಇದಕ್ಕೆ. 2023ರ ಮಾರ್ಚ್‌ನಲ್ಲಿ ಬಂದ ಆ ಆವೃತ್ತಿಯಲ್ಲಿ ಅಕ್ಷರ ಜೋಡಿಸುವ ಕೆಲಸಕ್ಕೆ ಹಾರ್ಫ್‌ಬಜ್ ಅನ್ನುವ ಲೈಬ್ರರಿ ಸೇರಿಸಿದ್ದಾರೆ. ಒಂದು ಕನ್ನಡ ಯೂನಿಕೋಡ್ ಫಾಂಟ್ ಹಾಕಿದರೆ ಒತ್ತು, ಕೊಂಬು, ದೀರ್ಘ ಎಲ್ಲ ಸರಿಯಾಗಿ ಕೂರುತ್ತವೆ. ಜೊತೆಗೆ ಅದು ಬಿಟ್ಟಿ, ಗಳಿಕೆಯಲ್ಲಿ ಪಾಲನ್ನೂ ಕೇಳಲ್ಲ. ಆ ಹುಡುಗಿಗೆ ನಾನು ಮಾಡಿದ ಉಪಕಾರ ಒಂದೇ. ಅವಳ ಆಟದಲ್ಲಿ ಓಡೋಕೆ ಶಿಫ್ಟ್ ಒತ್ತಬೇಕು. ಮಕ್ಕಳು ಟಕಟಕ ಐದು ಸಲ ಒತ್ತಿದ ಕೂಡಲೇ ಸ್ಟಿಕಿ ಕೀಸ್ ಆನ್ ಮಾಡಲಾ ಅಂತ ಕೇಳುವ ವಿಂಡೋಸ್‌ನ ಡಬ್ಬಿ ಮೇಲೆದ್ದು ಬಂದು ಆಟ ನಿಲ್ಲೋದು. ಅದನ್ನು ಸೆಟ್ಟಿಂಗ್ಸ್‌ನಲ್ಲಿ ಆಫ್ ಮಾಡಿಕೊಟ್ಟೆ. ಲ್ಯಾಪ್‌ಟಾಪ್ ಒಯ್ಯುವವರು ಇದನ್ನು ಮನೆಯಲ್ಲೇ ಮಾಡಿಕೊಂಡು ಹೋಗಿ.

ಸ್ಟುಡಿಯೋಗಳ ಸ್ಟಾಲ್‌ನಲ್ಲಿ ರೆಸ್ಯೂಮೆ ಹಂಚಿಕೊಂಡು ಓಡಾಡುವ ಹುಡುಗರು ತುಂಬ ಇದ್ದರು. ಬೆಂಗಳೂರಲ್ಲಿ ಗೇಮ್ ಕೆಲಸ ಅನ್ನುವುದು ನಿನ್ನೆ ಮೊನ್ನೆಯದಲ್ಲ. 1997ರಲ್ಲೇ ರಾಜೇಶ್ ರಾವ್ ಇಲ್ಲಿ ಧ್ರುವ ಇಂಟರಾಕ್ಟಿವ್ ಶುರು ಮಾಡಿದ್ದರು. 2019ರಲ್ಲಿ ಅದನ್ನು ರಾಕ್‌ಸ್ಟಾರ್ ಕೊಂಡುಕೊಂಡಿತು, ಜಿಟಿಎ ಆಟಗಳನ್ನು ಮಾಡುವ ಕಂಪನಿಯೇ. ಅನಿಮೇಷನ್, ಗೇಮಿಂಗ್‌ಗೆ ಅಂತಲೇ ರಾಜ್ಯ ಸರ್ಕಾರ 2012ರಲ್ಲಿ ಒಂದು ನೀತಿ ತಂದಿತು, ದೇಶದಲ್ಲೇ ಮೊದಲು. ಆದರೂ ಸ್ಟಾಲ್‌ನಲ್ಲಿ ಕೂತವರಿಗೆ ಬರೀ ರೆಸ್ಯೂಮೆ ನೋಡುವ ಉತ್ಸಾಹ ಇರಲಿಲ್ಲ. ನಾನು ಫೋನಿನಲ್ಲಿ ಆಟ ತೆರೆದು ಕೈಗೆ ಕೊಟ್ಟೆ. ಎರಡು ನಿಮಿಷ ಆಡಿದ ಮೇಡಂ ಕೇಳಿದ್ದು ಒಂದೇ: "ಇದರಲ್ಲಿ ನೀನು ಮಾಡಿದ್ದು ಯಾವುದು?" ಕೋಡ್ ನನ್ನದು, ಚಿತ್ರ ಗೆಳೆಯನದು, ಕವಡೆ ಸದ್ದು ಫೋನಿನಲ್ಲಿ ರೆಕಾರ್ಡ್ ಮಾಡಿದ್ದು ಅಂತ ಬಿಡಿಸಿ ಹೇಳಿದೆ. ಆಮೇಲೆ ಮಾತು ಅರ್ಧ ಗಂಟೆ ನಡೆಯಿತು. ಕೆಲಸದ ಮಾತು ಬರಲಿಲ್ಲ, ಇಂಟರ್ನ್‌ಶಿಪ್ ಅರ್ಜಿ ಯಾವಾಗ ಕರೆಯುತ್ತಾರೆ ಅಂತ ಮಾತ್ರ ಹೇಳಿದರು.

ಮತ್ತೆ ಆ 12 ಜನ? ಕ್ಯೂಆರ್ ಕೋಡ್ ಅಂಟಿಸಿದ್ದೆವು, ಅಂದುಕೊಂಡ ಹಾಗೇ ನೆಟ್‌ವರ್ಕ್ ಕೈಕೊಟ್ಟಿತು. ನೋಟ್‌ಬುಕ್ಕೇ ಗತಿ. ಆಡಿ ಎದ್ದವರೆಲ್ಲರನ್ನೂ ಕೇಳಲಿಲ್ಲ. ಸೋತು "ಇನ್ನೊಂದಾಟ" ಅಂದವರನ್ನು, ರೂಲ್ಸ್ ಬಗ್ಗೆ ಜಗಳ ಆಡಿದವರನ್ನು ಮಾತ್ರ ಕೇಳಿದೆ. ಆಂಡ್ರಾಯ್ಡ್ ಫೋನಾ ಅಂತ ಮೊದಲು ಖಾತ್ರಿ ಮಾಡಿಕೊಂಡು, ಜಿಮೇಲ್ ವಿಳಾಸವನ್ನು ಅವರ ಕೈಯಲ್ಲೇ ಬರೆಸಿ, ಎದುರಿಗೇ ಒಂದು ಸಲ ಗಟ್ಟಿಯಾಗಿ ಓದಿದೆ. ಸೊನ್ನೆ ಯಾವುದು, ಓ ಯಾವುದು ಅಂತ ರಾತ್ರಿ ಕೂತು ತಲೆ ಕೆರೆದುಕೊಳ್ಳೋದು ಯಾರಿಗೆ ಬೇಕು. ಅದೇ ರಾತ್ರಿ ಎಲ್ಲರನ್ನೂ ಟೆಸ್ಟರ್ ಪಟ್ಟಿಗೆ ಸೇರಿಸಿ ಲಿಂಕ್ ಕಳಿಸಿದೆ. ತಡ ಮಾಡಿದರೆ ನಾವ್ಯಾರು ಅಂತಲೇ ಮರೆತುಬಿಡುತ್ತಾರೆ. ಕೆಲವರು ಕೈಬಿಟ್ಟರೂ 12ಕ್ಕಿಂತ ಕೆಳಗೆ ಇಳಿಯದಷ್ಟು ಹೆಸರು ಪಟ್ಟಿಯಲ್ಲಿತ್ತು. ಬಾರ ಬೀಳಲ್ಲ ಅಂದಿದ್ದ ಆ ಅಮ್ಮ 14 ದಿನವೂ ಆಡಿದರು, ದಿನಾ ಒಂದು ದೂರು ಕಳಿಸಿದರು.

ಅವಧಿ ಮುಗಿದ ಮೇಲೆ ಗೂಗಲ್ ಒಂದು ಫಾರಂ ತುಂಬಿಸುತ್ತೆ. ಟೆಸ್ಟರ್‌ಗಳನ್ನು ಹೇಗೆ ಹುಡುಕಿದಿರಿ, ಅವರು ಏನು ಹೇಳಿದರು, ನೀವು ಏನು ಬದಲಾಯಿಸಿದಿರಿ ಅಂತೆಲ್ಲ ಕೇಳುತ್ತಾರೆ. ಬೀಗ, ಲೆಕ್ಕದ ಪರದೆ, ನಮ್ಮನೆ ರೂಲ್ಸ್, ಮೂರನ್ನೂ ಬರೆದೆ. ಒಪ್ಪಿಗೆ ಸಿಕ್ಕಿತು. ಐಫೋನ್ ಇರುವವರು ನಮಗೆ ಯಾವಾಗ ಅಂತ ಕೇಳುತ್ತಲೇ ಇದ್ದಾರೆ. ಆಪಲ್‌ಗೆ ವರ್ಷ ವರ್ಷವೂ 99 ಡಾಲರ್ ಕಟ್ಟಬೇಕು. ಅದನ್ನು ಇಂಟರ್ನ್‌ಶಿಪ್ ಸ್ಟೈಪೆಂಡ್ ಬಂದ ಮೇಲೆ ನೋಡಿಕೊಳ್ಳೋಣ ಅಂತ ಗೆಳೆಯನಿಗೆ ಹೇಳಿದ್ದೇನೆ.