ಜಗಳಗಳ ಪಟ್ಟಿ ಬರೆದು ಊರು ಕೂಡಿಸಿದ್ದು: ನನ್ನ ಅನುಭವ

ಊರಿನ ಹೆಸರು ಬರೆಯುವುದಿಲ್ಲ. ತಿಪಟೂರಿನ ಕೊಬ್ಬರಿ ಮಾರುಕಟ್ಟೆಗೆ ಮೂಟೆ ಸಾಗಿಸುವ ಊರುಗಳಲ್ಲಿ ಒಂದು ಎಂದಿಟ್ಟುಕೊಳ್ಳಿ. ಹೆಚ್ಚುಕಡಿಮೆ ಮುನ್ನೂರೈವತ್ತು ಮನೆ, ಒಂದು ಕೆರೆ, ಒಂದು ತೇರು, ಒಂದು ಹಾಲಿನ ಡೇರಿ. ಆ ಡೇರಿಯಲ್ಲಿ ಇಪ್ಪತ್ತೆರಡು ವರ್ಷದಿಂದ ನಾನೇ ಕಾರ್ಯದರ್ಶಿ. ಪಂಚಾಯಿತಿ ಚುನಾವಣೆಯಲ್ಲಿ ಒಡೆದ ಊರನ್ನು ಕೂಡಿಸಲು ಹೋಗಿ ಕೈಸುಟ್ಟುಕೊಂಡವರು ನಮ್ಮ ಸುತ್ತ ಬಹಳ ಜನರಿದ್ದಾರೆ. ಅವರಲ್ಲಿ ಮೂವರು 'ಇದು ಆಗುವ ಮಾತಲ್ಲ, ಸುಮ್ಮನೆ ಹಾಲು ಅಳೆದುಕೊಂಡಿರು' ಎಂದು ನನ್ನ ಮುಖಕ್ಕೇ ಹೇಳಿದ್ದರು. ಆದರೆ ಆ ಕೆಲಸ ಆಯಿತು. ಅದಕ್ಕೇ ಬರೆಯುತ್ತಿದ್ದೇನೆ.

2020ರ ಡಿಸೆಂಬರ್ 27ರಂದು, ಎರಡನೆಯ ಹಂತದಲ್ಲಿ, ನಮ್ಮಲ್ಲಿ ಮತದಾನವಾಯಿತು. ಗ್ರಾಮ ಪಂಚಾಯಿತಿಗೆ ಪಕ್ಷದ ಚಿಹ್ನೆ ಇಲ್ಲ ಎಂಬುದು ಕಾಗದದ ಮಾತು. ಯಾವ ಮನೆಯ ಜಗುಲಿಯಲ್ಲಿ ಯಾವ ಪಕ್ಷದ ಚೀಟಿ ಹಂಚುತ್ತಾರೆಂದು ಮಕ್ಕಳಿಗೂ ಗೊತ್ತಿತ್ತು. ನಾನೂರು ಜನಸಂಖ್ಯೆಗೊಬ್ಬ ಸದಸ್ಯ ಎಂಬ ಲೆಕ್ಕದಲ್ಲಿ ನಮಗೆ ನಾಲ್ಕು ಸ್ಥಾನ. ಅವುಗಳಲ್ಲಿ ಒಂದರಲ್ಲಿ ನನ್ನ ಭಾವಮೈದುನ ಹನ್ನೊಂದು ಮತಗಳಿಂದ ಸೋತ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ನಾನು ಯಾವ ಕಡೆಯವನೂ ಅಲ್ಲ ಎಂದರೆ ಊರಿನಲ್ಲಿ ನಾಯಿಯೂ ನಂಬುತ್ತಿರಲಿಲ್ಲ.

ವಿಧಾನಸಭೆಗೆ ನಿಂತು ಸೋತವನಿಗೆ ಯಾರು ಕೈಕೊಟ್ಟರೆಂದು ತಿಳಿಯುವುದಿಲ್ಲ. ಹನ್ನೊಂದು ಮತಗಳಲ್ಲಿ ಸೋತವನು ಆ ಹನ್ನೊಂದು ಜನರ ಹೆಸರನ್ನು ಮನೆ ಸಮೇತ ಹೇಳುತ್ತಾನೆ. ಹೇಳಿದ. ವರ್ಷದೊಳಗೆ ಚಹಾದಂಗಡಿ ಎರಡಾಯಿತು, ಗಣಪತಿ ಎರಡಾಯಿತು. ಜಾತ್ರೆ ನಿಂತಿತು, 2021ರಲ್ಲಿ ಕೊರೊನಾ ನೆಪವಿತ್ತು, 2022ರಲ್ಲಿ ನೆಪವೂ ಬೇಕಾಗಲಿಲ್ಲ. ತೇರು ತಗಡಿನ ಶೆಡ್ಡಿನಲ್ಲಿ ಗೆದ್ದಲು ಹಿಡಿಸಿಕೊಂಡು ನಿಂತಿತು. ಡೇರಿಗೆ ದಿನಕ್ಕೆ ಒಂಬೈನೂರು ಲೀಟರ್ ಹತ್ತಿರ ಬರುತ್ತಿದ್ದ ಹಾಲು ಆರುನೂರಕ್ಕೆ ಇಳಿಯಿತು. ಮೂವತ್ತು ಮನೆಯವರು ನನ್ನ ಮೇಲಿನ ಸಿಟ್ಟಿಗೆ ಖಾಸಗಿ ವ್ಯಾನಿಗೆ ಹಾಲು ಹಾಕತೊಡಗಿದರು, ಲೀಟರಿಗೆ ಎರಡು ರೂಪಾಯಿ ಕಡಿಮೆ ಸಿಕ್ಕರೂ ಚಿಂತೆಯಿಲ್ಲ ಎಂದುಕೊಂಡು. ಸಿಟ್ಟಿಗೆ ಜನ ಇಷ್ಟು ದುಡ್ಡು ಕೊಡುತ್ತಾರೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಮೊದಲು ನಾನೂ ಎಲ್ಲರೂ ಮಾಡುವುದನ್ನೇ ಮಾಡಿದೆ. ಶಾಂತಿ ಸಭೆ. ಹೊರಗಿನಿಂದ ಒಬ್ಬ ಹಿರಿಯರನ್ನು ಕರೆಸಿ ದೇವಸ್ಥಾನದ ಮುಂದೆ ಶಾಮಿಯಾನ ಹಾಕಿಸಿ ನಾನೂರು ಜನರಿಗೆ ಊಟ ಇಡಿಸಿದೆ. ಒಟ್ಟು ಮೂವತ್ತೊಂದು ಸಾವಿರ, ಅದರಲ್ಲಿ ಹದಿನಾಲ್ಕು ನನ್ನ ಜೇಬಿನದು. ಹಿರಿಯರು ಚೆನ್ನಾಗಿಯೇ ಮಾತನಾಡಿದರು. ಆದರೆ ಹಾರ ಹಾಕಲು ಮೊದಲು ಯಾರ ಹೆಸರು ಕೂಗಬೇಕೆಂದು ವೇದಿಕೆಯ ಮೇಲೆಯೇ ಎಳೆದಾಟವಾಯಿತು. ಒಂದು ಬಣ ಮೊದಲ ಪಂಕ್ತಿಯಲ್ಲಿ ಉಂಡು ಎದ್ದಿತು, ಇನ್ನೊಂದು ಬಣ ಎಲೆ ಬಿಟ್ಟು ನಡೆಯಿತು. ಉಳಿದ ಅನ್ನವನ್ನು ಹಸುಗಳಿಗೆ ಹಾಕಿದೆವು. ಮಾರನೆಯ ದಿನ ಎರಡು ಹಸುಗಳಿಗೆ ಹೊಟ್ಟೆಯುಬ್ಬರ. ಅದನ್ನೂ ನನ್ನ ಲೆಕ್ಕಕ್ಕೇ ಬರೆದರು.

ಆಮೇಲೆ ಕ್ರಿಕೆಟ್. ಹುಡುಗರನ್ನು ಚೀಟಿ ಎತ್ತಿ ಬೆರೆಸಿ ನಾಲ್ಕು ತಂಡ ಮಾಡಿದೆ. ಟ್ರೋಫಿ, ಟೀಶರ್ಟು ಸೇರಿ ಒಂಬತ್ತು ಸಾವಿರ. ಸೆಮಿಫೈನಲ್ಲಿನಲ್ಲಿ ಒಂದು ರನೌಟ್ ತಕರಾರಾಗಿ ಬ್ಯಾಟು ಚೆಂಡನ್ನು ಬಿಟ್ಟು ಬೇರೆ ಕಡೆ ತಿರುಗಿತು. ಒಬ್ಬನಿಗೆ ಹಣೆಯಲ್ಲಿ ಐದು ಹೊಲಿಗೆ. ಪ್ರಕರಣ, ಅದಕ್ಕೊಂದು ಪ್ರತಿಪ್ರಕರಣ. ಎರಡೂ ಕಡೆ ಸೇರಿ ವಕೀಲರಿಗೆ ಒಂದೂವರೆ ಲಕ್ಷವಾದರೂ ಹೋಗಿದೆ. ಚೀಟಿ ಎತ್ತುವುದು ಸುಲಭ, ಎತ್ತಿದ ಚೀಟಿಯಂತೆ ಮನಸ್ಸು ತಿರುಗುವುದಿಲ್ಲ ಎಂದು ನನ್ನ ಹೆಂಡತಿ ಹೇಳಿದ್ದಳು. ಆಗ ಕೇಳಲಿಲ್ಲ.

ನಡುವೆ ಒಂದು ಸಣ್ಣ ಪ್ರಯೋಗ ಫಲಿಸಿತು, ಅದನ್ನೂ ಹೇಳುತ್ತೇನೆ. ಆ ಕಡೆಯವರ ಹಾಲಿಗೆ ನಾನು ಬೇಕೆಂದೇ ಫ್ಯಾಟ್, ಅಂದರೆ ದರ ನಿರ್ಧರಿಸುವ ಕೊಬ್ಬಿನಂಶ, ಕಡಿಮೆ ತೋರಿಸುತ್ತೇನೆಂಬ ಗುಲ್ಲಿತ್ತು. ಹಾಲು ಪರೀಕ್ಷೆಯ ಯಂತ್ರವನ್ನು ಕಿಟಕಿಯ ಒಳಗಿನಿಂದ ಹೊರಗಿನ ಕಟ್ಟೆಗೆ ತಂದು, ಅದರ ಮುಖವನ್ನು ಸಾಲಿನ ಕಡೆಗೆ ತಿರುಗಿಸಿ ಇಟ್ಟೆ. ಅವರ ಹಾಲಿನ ಅಂಕಿ ಅವರೇ ಓದಿ ಕೂಗಬೇಕು, ನಾನು ಬರೆದುಕೊಳ್ಳುವುದಷ್ಟೇ. ವಾರದೊಳಗೆ ಗುಲ್ಲು ನಿಂತಿತು. ಆದರೆ ವ್ಯಾನಿಗೆ ಹೋದ ಮೂವತ್ತು ಮನೆಗಳಲ್ಲಿ ಹಿಂದೆ ಬಂದದ್ದು ನಾಲ್ಕೋ ಐದೋ. ಹಾಗಾದರೆ ಸಿಟ್ಟು ಫ್ಯಾಟಿನದಲ್ಲ, ಬೇರೆ ಯಾವುದರದೋ ಎಂಬ ಅನುಮಾನ ಅಲ್ಲಿ ಮೊಳೆಯಿತು.

ಕಣ್ಣು ತೆರೆಸಿದ್ದು 2023ರ ಮಧ್ಯಭಾಗ. ಪಂಚಾಯಿತಿ ಅಧ್ಯಕ್ಷರ ಮೂವತ್ತು ತಿಂಗಳ ಅವಧಿ ಮುಗಿದು, ಆ ಸ್ಥಾನದ ಮೀಸಲಾತಿ ಬದಲಾಗಿ, ಸದಸ್ಯರು ಹೊಸ ಅಧ್ಯಕ್ಷರನ್ನು ಆರಿಸಬೇಕಾಯಿತು. ನಿಮಗೆ ಗೊತ್ತಿರುವ ಕಥೆಯೇ: ಎದುರಿನವರು ಸೆಳೆದುಕೊಳ್ಳದಂತೆ ಸದಸ್ಯರು ಒಂದು ರಾತ್ರಿ ಟೆಂಪೊ ಟ್ರಾವೆಲರ್ ಹತ್ತಿದರು, ಮೊಬೈಲುಗಳು ಸ್ವಿಚ್ ಆಫ್ ಆದವು, ಆಣೆ ಪ್ರಮಾಣವಾಯಿತು, ಚುನಾವಣೆಯ ಬೆಳಗ್ಗೆ ನೇರವಾಗಿ ಪಂಚಾಯಿತಿ ಕಚೇರಿಯ ಮುಂದೆ ಇಳಿದರು. ಇಳಿದಾಗ ನೋಡಿದರೆ ನಮ್ಮೂರಿನ ಎರಡೂ ಬಣದ ಸದಸ್ಯರು ಒಂದೇ ಸೀಟಿನಲ್ಲಿ! ಒಟ್ಟಿಗೆ ಮತ ಹಾಕಿ, ಒಟ್ಟಿಗೆ ಪಟಾಕಿ ಹೊಡೆದರು. ಮೇಲಿನವರು ಕೂಡಿದರೆ ಕೆಳಗಿನವರು ತಾವಾಗಿ ಕೂಡುತ್ತಾರೆಂಬುದು ನಮ್ಮ ರಾಜಿ ಪಂಚಾಯಿತಿಯವರ ಮೂಲಮಂತ್ರವಲ್ಲವೇ? ಇಲ್ಲಿ ಮೇಲಿನವರು ಕೂಡಿಯೇಬಿಟ್ಟಿದ್ದರು. ಅದೇ ಸಂಜೆ ನನ್ನ ಡೇರಿಯ ಸಾಲಿನಲ್ಲಿ ಅವರಿಗಾಗಿ ಹೊಡೆದಾಡಿದವರು ಎಂದಿನಂತೆ ಒಬ್ಬರಿಗೊಬ್ಬರು ಬೆನ್ನು ಹಾಕಿ ನಿಂತಿದ್ದರು. ಕ್ಯಾನಿನ ಮೇಲೆ ಕ್ಯಾನು ತಾಗಿದರೂ ಮಾತಿಲ್ಲ.

ಅವತ್ತು ರಾತ್ರಿ ಇನ್ನೂರು ಪುಟದ ನೋಟುಬುಕ್ಕು ತೆಗೆದೆ. ಯಾರಿಗೆ ಯಾರೊಂದಿಗೆ ಮಾತಿಲ್ಲ, ಯಾವಾಗಿನಿಂದ, ಏತಕ್ಕಾಗಿ. ಬಣಗಳನ್ನು ಬಿಟ್ಟು ಜೋಡಿಗಳನ್ನು ಬರೆದೆ. ಡೇರಿಯಲ್ಲಿ ದಿನಕ್ಕೆ ಎರಡು ಹೊತ್ತು ಇಡೀ ಊರು ಕಣ್ಣ ಮುಂದೆ ಹಾಯುತ್ತದೆ, ಈ ಅನುಕೂಲ ಬೇರೆ ಯಾರಿಗೂ ಇಲ್ಲ. ಆದರೂ ನಾಲ್ಕು ತಿಂಗಳು ಹಿಡಿಯಿತು. ಎಪ್ಪತ್ತಕ್ಕೆ ಮೇಲೆ ಜೋಡಿಗಳಾದವು. ಮೂರನೆಯ ಕಾಲಂ, ಅಂದರೆ 'ಯಾವಾಗಿನಿಂದ' ಎಂಬುದನ್ನು, ಮೇಲಿನಿಂದ ಕೆಳಗೆ ಓದಿದಾಗ ನಾನೇ ಬೆಚ್ಚಿದೆ. ಮೂರರಲ್ಲಿ ಎರಡು ಪಾಲು ಜಗಳಗಳು 2020ಕ್ಕಿಂತ ಹಳೆಯವು. ಬದು ಒತ್ತಿದ್ದು, ತೆಂಗಿನ ಮರದ ನೆರಳು ಪಕ್ಕದ ಹೊಲಕ್ಕೆ ಬಿದ್ದದ್ದು, ಐದು ಸಾವಿರ ಕೈಸಾಲ, ಮದುವೆಗೆ ಕರೆಯದೆ ಬಿಟ್ಟದ್ದು. ಚುನಾವಣೆ ಅವಕ್ಕೆಲ್ಲ ಒಂದು ಬಾವುಟ ಕೊಟ್ಟಿತ್ತು. ಬದು ಒತ್ತಿದವನು ಯಾವ ಬಣವೋ, ಒತ್ತಿಸಿಕೊಂಡವನು ಅದರ ಎದುರು ಬಣ.

ಹಾಗಾಗಿ ಚುನಾವಣೆಯಿಂದಲೇ ಹುಟ್ಟಿದ ಜಗಳಗಳನ್ನು ನಾನು ಮುಟ್ಟಲೇ ಇಲ್ಲ. ಮುಖಂಡರ ಮನೆಗೂ ಹೋಗಲಿಲ್ಲ. ಎಲ್ಲಕ್ಕಿಂತ ಸಣ್ಣದರಿಂದ ಶುರುಮಾಡಿದೆ.

ಅದು ಕೊಪ್ಪರಿಗೆಯದು. ಇಬ್ಬರು ಓರಗಿತ್ತಿಯರು. ಹಿರಿಯವಳ ಮನೆಯ ತಾಮ್ರದ ಕೊಪ್ಪರಿಗೆಯನ್ನು ಕಿರಿಯವಳು ಮಗನ ನಾಮಕರಣಕ್ಕೆ ಒಯ್ದಿದ್ದಳು, ತಳ ಸೀದು ಕಲಾಯಿ ಹೋಗಿತ್ತು, ಹಿಂದೆ ಕೊಡಲು ನಾಚಿಕೆಯಾಗಿ ಅಟ್ಟಕ್ಕೆ ಹಾಕಿದ್ದಳು. ಒಂಬತ್ತು ವರ್ಷ. ಇವಳು ನುಂಗಿದಳೆಂದು ಅವಳು, ಕಳ್ಳಿ ಎಂದಳೆಂದು ಇವಳು. ಗಂಡಂದಿರು ಎರಡು ಬಣ. ನಾನು ಕಿರಿಯವಳಿಗೆ, 'ತಾಯಿ, ಡೇರಿಯ ಪೂಜೆಗೆ ಪಾಯಸ ಮಾಡಲು ದೊಡ್ಡ ಪಾತ್ರೆ ಬೇಕು, ನಿಮ್ಮ ಅಟ್ಟದಲ್ಲಿ ಏನಾದರೂ ಇದೆಯೇ' ಎಂದೆ. ಕೊಟ್ಟಳು. ತಿಪಟೂರಿಗೆ ಒಯ್ದು ಕಲಾಯಿ ಹಾಕಿಸಿದೆ, ಆರುನೂರೋ ಏಳುನೂರೋ ಆಯಿತು. ಹುಣಸೆಹಣ್ಣು ಹಾಕಿ ನಾನೇ ಉಜ್ಜಿದೆ. ಪೂಜೆ ಮುಗಿದ ಮೇಲೆ, 'ಇದನ್ನು ಎಲ್ಲಿ ಇಡಲಿ' ಎಂದಷ್ಟೇ ಕೇಳಿದೆ. ಅವಳು ಬಹಳ ಹೊತ್ತು ಪಾತ್ರೆಯ ಒಳಗನ್ನೇ ನೋಡಿದಳು. ಬರಿದಾಗಿ ಕಳಿಸಬಾರದೆಂದು ಎರಡು ತೆಂಗಿನಕಾಯಿ, ಒಂದು ಅಚ್ಚು ಬೆಲ್ಲ ಹಾಕಿ, 'ಅಕ್ಕನ ಮನೆಯಲ್ಲಿ ಇಟ್ಟುಬಿಡಿ' ಎಂದಳು. ಅಕ್ಕ ಎಂಬ ಮಾತು ಒಂಬತ್ತು ವರ್ಷದಲ್ಲಿ ಮೊದಲ ಸಲ ಬಂದಿತ್ತು. ಮುಂದಿನ ಸೋಮವಾರ ಇಬ್ಬರೂ ಒಟ್ಟಿಗೆ ಹಾಲು ತಂದರು. ತಿಂಗಳೊಳಗೆ ಗಂಡಂದಿರು ಒಂದೇ ಚಹಾದಂಗಡಿಯಲ್ಲಿ.

ಹೀಗೆಯೇ ಒಂದೊಂದಾಗಿ. ರಾಜಿ ಎಂಬ ಮಾತನ್ನು ನಾಲಿಗೆಗೆ ತರಬಾರದು. ಇಬ್ಬರನ್ನೂ ಎದುರೆದುರು ಕೂರಿಸಬಾರದು. ಜಗಳದ ಮೂಲದಲ್ಲಿ ಒಂದು ವಸ್ತುವೋ ದುಡ್ಡೋ ಇದ್ದರೆ ಅದನ್ನು ಮೊದಲು ಹುಡುಕಬೇಕು; ಮಾತು ಅದರ ಹಿಂದೆ ಬರುತ್ತದೆ. ಬದುವಿನ ಜಗಳಗಳಿಗೆ ನಾನು ಬಾಯಿ ಹಾಕದೆ ಹದ್ದುಬಸ್ತಿಗೆ, ಅಂದರೆ ಸರ್ವೆಯವರಿಂದ ಜಮೀನಿನ ಗಡಿ ಅಳೆಸಿ ಗುರುತು ಹಾಕಿಸಲು, ಅರ್ಜಿ ಹಾಕಿಸಿದೆ. ಸರ್ವೆಯವರು ಬರಲು ಐದಾರು ತಿಂಗಳು. ಆ ಕಾಯುವಿಕೆಯೇ ಅರ್ಧ ಮದ್ದು, ಏಕೆಂದರೆ ಯಾವತ್ತು ಬರುತ್ತಾರೆಂದು ತಿಳಿಯಲು ಇಬ್ಬರೂ ಒಬ್ಬರನ್ನೊಬ್ಬರು ಕೇಳಲೇಬೇಕು. ಯಾವ ಜೋಡಿಯ ನಂತರ ಯಾವ ಜೋಡಿ ಎಂಬುದಕ್ಕೆ ನನ್ನದೊಂದು ಕ್ರಮವಿದೆ. ಅದನ್ನು ಇಲ್ಲಿ ಬಿಚ್ಚುವುದಿಲ್ಲ. ನಮ್ಮೂರಿನವರೂ ಓದುತ್ತಾರೆ, ಮುಂದಿನ ಸಲ ನಾನು ಬಾಗಿಲಿಗೆ ಬಂದಾಗ ನಕ್ಕುಬಿಡುತ್ತಾರೆ.

ಒಂದೂವರೆ ವರ್ಷಕ್ಕೆ ನಲವತ್ತು ಜೋಡಿಗಳ ಮೇಲೆ ಗೀಟು ಹಾಕಿದೆ. ಖರ್ಚು ಒಟ್ಟು ಇಪ್ಪತ್ತಮೂರು ಸಾವಿರದ ಆಸುಪಾಸು, ಒಂದು ಊಟದ ಸಭೆಗಿಂತ ಕಡಿಮೆ. ಅದರಲ್ಲಿ ಐದು ಸಾವಿರ ದಂಡ: ಒಂದು ಕೈಸಾಲವನ್ನು ನಾನೇ ತೀರಿಸಲು ಹೋಗಿ, ವಿಷಯ ಬಯಲಾಗಿ, ಇಬ್ಬರೂ ನನ್ನ ಮೇಲೆ ತಿರುಗಿಬಿದ್ದರು. ದುಡ್ಡಿನ ಜಗಳಕ್ಕೆ ನಿಮ್ಮ ದುಡ್ಡು ಹಾಕಬೇಡಿ. ಪಾತ್ರೆಗೆ ಹಾಕಬಹುದು.

2025ರಲ್ಲಿ ಜಾತ್ರೆ ನಡೆಯಿತು. ತೇರಿನ ಎರಡು ಚಕ್ರ ಬದಲಿಸಬೇಕಾಯಿತು, ವಂತಿಗೆ ಎರಡೂ ಕಡೆಯಿಂದ ಬಂತು. ಹಾಲು ಈಗ ಎಂಟುನೂರ ಐವತ್ತು ದಾಟಿದೆ. ಗಣಪತಿ ಇನ್ನೂ ಎರಡೇ, ಇರಲಿ, ಮಕ್ಕಳಿಗೆ ಎರಡು ಕಡೆ ಪ್ರಸಾದ. ಕ್ರಿಕೆಟ್ಟಿನ ಪ್ರಕರಣಗಳು ಲೋಕ ಅದಾಲತ್ತಿನಲ್ಲಿ ಮುಗಿದವು, ಹುಡುಗರ ಮಾತು ಮಾತ್ರ ಇನ್ನೂ ಕೂಡಿಲ್ಲ. ಜಾತ್ರೆಯ ಫ್ಲೆಕ್ಸಿನಲ್ಲಿ 'ಊರಿನ ಒಗ್ಗಟ್ಟಿನ ರೂವಾರಿಗಳು' ಎಂದು ಇಬ್ಬರು ಮುಖಂಡರ ಚಿತ್ರವಿತ್ತು. ನನ್ನದು ಇರಲಿಲ್ಲ. ಇದ್ದಿದ್ದರೆ ಕೆಲಸ ಕೆಡುತ್ತಿತ್ತು ಎಂದು ನನಗೆ ನಾನೇ ಹೇಳಿಕೊಂಡೆ. ಸ್ವಲ್ಪ ಬೇಜಾರಾದದ್ದು ನಿಜ.

ಒಂದು ವಿಷಯ ಮಾತ್ರ ನನ್ನ ನೋಟುಬುಕ್ಕಿನಲ್ಲಿ ಇರಲೇ ಇಲ್ಲ. ಜಾತ್ರೆಯ ಮಾರನೆಯ ದಿನ ಬೆಳಗ್ಗೆ ಕಾಲೋನಿಯ ಒಬ್ಬ ಹೆಂಗಸು ಹಾಲು ಅಳೆಸುತ್ತಾ, 'ನೀವು ಒಡೆದುಕೊಂಡಿದ್ದಾಗ ಎರಡೂ ಕಡೆಯವರು ನಮ್ಮ ಬೀದಿಗೆ ಬರುತ್ತಿದ್ದಿರಿ, ಸ್ವಾಮಿ. ಚರಂಡಿ ಮಾಡಿಸುತ್ತೇವೆಂದು ಅವರೂ ಹೇಳಿದರು, ಇವರೂ ಹೇಳಿದರು. ಒಂದಾದ ಮೇಲೆ ಯಾರೂ ಬರಲಿಲ್ಲ' ಎಂದಳು. ಯಂತ್ರದ ಅಂಕಿಯನ್ನು ತಾನೇ ಓದಿ, 'ನಾಲ್ಕು ಪಾಯಿಂಟ್ ಒಂದು, ಬರೆದುಕೊಳ್ಳಿ' ಎಂದು ಕ್ಯಾನು ಎತ್ತಿಕೊಂಡು ಹೋದಳು.

ಮುಂದಿನ ವಾರ್ಡ್ ಸಭೆಯಲ್ಲಿ ಆ ಚರಂಡಿಗೆ ಅರ್ಜಿ ಬರೆದುಕೊಟ್ಟವನು ನಾನೇ. ಮೊದಲ ಸಹಿ ಆಕೆಯದು, ಕೆಳಗೆ ಎರಡೂ ಬಣದವರದು. ಪಂಚಾಯಿತಿಯ ಕ್ರಿಯಾಯೋಜನೆಗೆ ಸೇರಿದೆ ಎನ್ನುತ್ತಾರೆ. ಇದುವರೆಗೆ ಅಲ್ಲಿ ಒಂದು ಗುದ್ದಲಿಯೂ ಬಿದ್ದಿಲ್ಲ.