ಪಿ300 ಸ್ಪೆಲ್ಲರ್‌ನಲ್ಲಿ ಮಿನುಗುವ ವೇಗ ಹೊಂದಿಸುವುದು ಹೇಗೆ?

ಮಾತು ನಿಂತವರಿಗೆ ಮೆದುಳಿನ ಅಲೆಗಳಿಂದಲೇ ಅಕ್ಷರ ಆರಿಸಲು ಪಿ300 ಸ್ಪೆಲ್ಲರ್ ನೆರವಾಗುತ್ತದೆ. 1988ರಲ್ಲಿ ಫಾರ್ವೆಲ್ ಮತ್ತು ಡೊಂಚಿನ್ ತೋರಿಸಿದ ವಿಧಾನ ಇದು. ಪರದೆಯ ಮೇಲೆ ಚೌಕಾಕಾರವಾಗಿ ಜೋಡಿಸಿದ ಅಕ್ಷರಗಳ ಅಡ್ಡ ಸಾಲು, ಉದ್ದ ಸಾಲುಗಳು ಒಂದೊಂದಾಗಿ ಮಿನುಗುತ್ತವೆ. ಬೇಕಾದ ಅಕ್ಷರ ಮಿನುಗಿ ಸುಮಾರು 300 ಮಿಲಿಸೆಕೆಂಡಿನ ನಂತರ ಇಇಜಿಯಲ್ಲಿ, ಅಂದರೆ ತಲೆಯ ಮೇಲಿಂದ ದಾಖಲಿಸಿದ ಮೆದುಳಿನ ಅಲೆಗಳಲ್ಲಿ, ಒಂದು ಉಬ್ಬು ಏಳುತ್ತದೆ. ಪಿ300 ಅಂದರೆ ಅದೇ.

ನಾನು ಮೊದಲು ಪರದೆಯನ್ನೇ ನೋಡುತ್ತೇನೆ. 60 ಹರ್ಟ್ಜ್ ಪರದೆಯಲ್ಲಿ ಒಂದು ಫ್ರೇಮ್, ಅಂದರೆ ಪರದೆ ಒಮ್ಮೆ ಚಿತ್ರ ಬದಲಿಸುವ ಸಮಯ, 16.7 ಮಿಲಿಸೆಕೆಂಡ್. ಅಲ್ಲಿ ಒಂದು ಮಿನುಗಿನ ಅವಧಿ 110 ಮಿಲಿಸೆಕೆಂಡ್ ಅಂತ ಬರೆದರೆ ಪರದೆ ಪಾಲಿಸುವುದಿಲ್ಲ, ಅದು ಪೂರ್ತಿ ಫ್ರೇಮ್‌ಗಳಲ್ಲಿ ಕೂರುವುದಿಲ್ಲ. 100 ಇಡಿ, ಸರಿಯಾಗಿ 6 ಫ್ರೇಮ್. ಪರದೆಯ ಮೂಲೆಗೆ ಫೋಟೋಡಯೋಡ್ (ಬೆಳಕನ್ನು ಗುರುತಿಸುವ ಪುಟ್ಟ ಸಾಧನ) ಅಂಟಿಸಿ, ಬೆಳಕು ನಿಜಕ್ಕೂ ಯಾವಾಗ ಬಂತು ಅಂತ ಅಳೆಯಿರಿ. ಸಾಫ್ಟ್‌ವೇರ್ ಹೇಳಿದ ಸಮಯವನ್ನು ಸುಮ್ನೆ ನಂಬಬೇಡಿ.

ಒಂದು ಮಿನುಗಿನಿಂದ ಮುಂದಿನದಕ್ಕೆ 200 ಮಿಲಿಸೆಕೆಂಡ್ ಇಟ್ಟು ಶುರು ಮಾಡಿ, ಆಮೇಲೆ ಇಳಿಸುತ್ತಾ ಹೋಗಿ. ವೇಗ ಜಾಸ್ತಿಯಾದರೆ ಅಕ್ಷರ ಬೇಗ ಸಿಗಬಹುದು, ಆದರೆ ಒಂದರ ಉಬ್ಬಿನ ಮೇಲೆ ಇನ್ನೊಂದು ಬೀಳುತ್ತದೆ. ಅದಕ್ಕಿಂತ ದೊಡ್ಡ ತೊಡಕು ಬೇರೆ ಇದೆ. ಅಡ್ಡ ಸಾಲಿನ ಬೆನ್ನಿಗೇ ಉದ್ದ ಸಾಲು ಮಿನುಗಿದರೆ, ಎರಡೂ ಸೇರುವ ಜಾಗದ ಅಕ್ಷರ ಒಟ್ಟೊಟ್ಟಿಗೆ ಎರಡು ಸಲ ಮಿನುಗಿದಂತೆ, ಅಲ್ವಾ? ಎರಡನೇ ಸಲದ ಉಬ್ಬು ಕುಗ್ಗುತ್ತದೆ. ಅಕ್ಷರಗಳನ್ನು ಚದುರಂಗದ ಮಣೆಯ ಕಪ್ಪು-ಬಿಳಿ ಮನೆಗಳಂತೆ ಎರಡು ಗುಂಪು ಮಾಡುವ ಚೆಕರ್‌ಬೋರ್ಡ್ ವಿಧಾನ ಈ ಎರಡು ಮಿನುಗುಗಳ ನಡುವೆ ಅಂತರ ಬಿಡುತ್ತದೆ. ನನ್ನ ಆಯ್ಕೆ ಅದೇ.

ವೇಗ ಬದಲಿಸಿದಾಗೆಲ್ಲ ಕ್ಲಾಸಿಫೈಯರ್‌ಗೆ, ಅಂದರೆ ಉಬ್ಬನ್ನು ಗುರುತಿಸುವ ಪ್ರೋಗ್ರಾಂಗೆ, ಮತ್ತೆ ತರಬೇತಿ ಕೊಡಿ. ಮೂರ್ಛೆ ರೋಗ ಇರುವವರಾದರೆ ವೈದ್ಯರನ್ನು ಕೇಳದೆ ಶುರು ಮಾಡಬೇಡಿ. ಕಣ್ಣು ದಣಿದಿದೆಯಾ ಅಂತ ಬಳಸುವವರನ್ನೇ ಕೇಳಿ. ಹೌದು ಎಂದರೆ ನಿಧಾನ ಮಾಡಿ.