ಜಿಪಿ7 ಓಡಿಸಿದ ಆ ಒಂದು ಗಂಟೆ

ಇಪ್ಪತ್ತು ವರ್ಷದಿಂದ ಮನೆಯಲ್ಲಿ ಮಾದರಿ ರೈಲು ಓಡಿಸುತ್ತಿದ್ದೇನೆ. ಎಚ್‌ಓ ಅಳತೆಯದು, ಅಂದರೆ ನಿಜವಾದ ರೈಲಿನ 87ರಲ್ಲಿ ಒಂದು ಪಾಲು. ಹಳಿಯ ಅಗಲ 16.5 ಮಿಲಿಮೀಟರ್. ರೈಲು ಎಳೆಯುವ ಲೋಕೊಗಳಲ್ಲೆಲ್ಲ ನನಗೆ ತುಂಬ ಇಷ್ಟದ್ದು ಜಿಪಿ7 ಎಂಬ ಅಮೆರಿಕದ ಹಳೆಯ ಡೀಸೆಲ್ ಲೋಕೊ. ಅಮೆರಿಕದ ಒಂದು ರೈಲ್ವೆ ಮ್ಯೂಸಿಯಂನಲ್ಲಿ ನಿಜವಾದ ಜಿಪಿ7 ಅನ್ನೇ ನಮ್ಮಂಥವರ ಕೈಗೆ ಕೊಡುತ್ತಾರೆ, ಪಕ್ಕದಲ್ಲಿ ಅನುಭವಿ ಡ್ರೈವರ್ ಒಬ್ಬರು ನಿಂತಿರುತ್ತಾರೆ ಎಂದು ಗೊತ್ತಾಯಿತು. ಅವತ್ತೇ ಒಂದು ಗಂಟೆ ಕಾದಿರಿಸಿಬಿಟ್ಟೆ.

ಈ ಲೋಕೊ ಬಗ್ಗೆ ಸ್ವಲ್ಪ ಹೇಳಬೇಕು. ಎಲೆಕ್ಟ್ರೊ-ಮೋಟಿವ್ ಕಂಪನಿ 1949ರಿಂದ 1954ರವರೆಗೆ ಇದನ್ನು ತಯಾರಿಸಿತು. ಜಿಪಿ ಅಂದರೆ ಜನರಲ್ ಪರ್ಪಸ್, ಎಲ್ಲ ಕೆಲಸಕ್ಕೂ ಒದಗುವಂಥದ್ದು. ಅಭಿಮಾನಿಗಳ ಬಾಯಲ್ಲಿ ಅದು ‘ಗೀಪ್’. ಒಳಗೆ 16 ಸಿಲಿಂಡರಿನ ಟೂ-ಸ್ಟ್ರೋಕ್ ಡೀಸೆಲ್ ಇಂಜಿನ್, ಶಕ್ತಿ 1,500 ಅಶ್ವಶಕ್ತಿ. ಆ ಇಂಜಿನ್ನಿಗೆ 567 ಎಂಬ ಹೆಸರು ಬಂದದ್ದು ಒಂದೊಂದು ಸಿಲಿಂಡರಿನ ಅಳತೆಯಿಂದ, ಅದು 567 ಘನ ಅಂಗುಲ. ಡೀಸೆಲ್ ಇಂಜಿನ್ ನೇರವಾಗಿ ಗಾಲಿ ತಿರುಗಿಸುವುದಿಲ್ಲ. ಅದು ಜನರೇಟರ್ ತಿರುಗಿಸುತ್ತದೆ, ಆ ಕರೆಂಟು ನಾಲ್ಕು ಅಚ್ಚುಗಳ ಮೇಲಿರುವ ನಾಲ್ಕು ಮೋಟಾರುಗಳಿಗೆ ಹೋಗುತ್ತದೆ. ಇದೆಲ್ಲ ನನಗೆ ಓದಿ ಗೊತ್ತಿತ್ತು. ಓದಿ ಗೊತ್ತಿರುವುದು ಕೈಗೆ ಎಷ್ಟು ಬರುತ್ತದೆ ಅನ್ನೋದು ಅವತ್ತು ಗೊತ್ತಾಯಿತು.

ಬೆಳಿಗ್ಗೆ ಬೇಗ ಹೋಗಿದ್ದೆ. ಲೋಕೊ ಮುಂದೆ ಒಂದು ನೀಲಿ ಬಾವುಟ ಸಿಕ್ಕಿಸಿದ್ದರು. ನೀಲಿ ಬಾವುಟ ಇದೆ ಅಂದರೆ ಯಾರೋ ಅದರ ಮೇಲೋ ಕೆಳಗೋ ಕೆಲಸ ಮಾಡುತ್ತಿದ್ದಾರೆ, ಒಂದಿಂಚೂ ಅಲುಗಾಡಿಸಬಾರದು. ಇಟ್ಟವರೇ ಅದನ್ನು ತೆಗೆಯಬೇಕು, ಬೇರೆಯವರು ಮುಟ್ಟುವ ಹಾಗಿಲ್ಲ. ಸ್ವಯಂಸೇವಕರು ಇಂಜಿನ್ ಶುರು ಮಾಡುವ ಮೊದಲು 16 ಸಿಲಿಂಡರಿಗೂ ಇರುವ ಪರೀಕ್ಷೆಯ ಕೊಳಾಯಿಗಳನ್ನು ತೆರೆದು, ಇಂಜಿನ್ನನ್ನು ನಿಧಾನವಾಗಿ ಒಂದು ಸುತ್ತು ತಿರುಗಿಸಿದರು. ಒಳಗೆ ಎಲ್ಲಾದರೂ ನೀರು ಸೋರಿ ನಿಂತಿದ್ದರೆ ಅಲ್ಲಿಂದ ಹೊರಗೆ ಚಿಮ್ಮುತ್ತದೆ. ಗಾಳಿಯ ಹಾಗೆ ನೀರು ಅದುಮಿಕೊಳ್ಳುವುದಿಲ್ಲವಲ್ಲ, ನೋಡದೆ ಶುರು ಮಾಡಿದರೆ ಪಿಸ್ಟನ್ನೋ ರಾಡೋ ಹೋಗಿಬಿಡುತ್ತದೆ. ಎಲ್ಲ ಒಣಗಿತ್ತು. ಕೊಳಾಯಿ ಮುಚ್ಚಿ ಗುಂಡಿ ಒತ್ತಿದರು. ಇದಕ್ಕೆ ಬೇರೆ ಸ್ಟಾರ್ಟರ್ ಇಲ್ಲ. ಬ್ಯಾಟರಿಯ 64 ವೋಲ್ಟ್ ಕರೆಂಟಿನಿಂದ ದೊಡ್ಡ ಜನರೇಟರೇ ಮೋಟಾರಿನ ಹಾಗೆ ತಿರುಗಿ ಇಂಜಿನ್ ಎಬ್ಬಿಸುತ್ತದೆ. ಒಂದು ಭಾರವಾದ ಉಸಿರು, ಆಮೇಲೆ ಒಂದೊಂದೇ ಸಿಲಿಂಡರ್ ಹತ್ತಿಕೊಂಡ ಸದ್ದು. ನನ್ನ ಪಾದದ ಕೆಳಗಿನ ಜಲ್ಲಿ ನಡುಗುತ್ತಿತ್ತು. ಮಾದರಿ ಲೋಕೊದಲ್ಲಿ ಈ ಸದ್ದನ್ನು ಸಾವಿರ ಸಲ ಕೇಳಿದ್ದೇನೆ. ಆದರೆ ಅದು ಎದೆಗೆ ತಾಗಿದ್ದು ಇದೇ ಮೊದಲು.

ಹತ್ತುವಾಗ ಲೋಕೊ ಕಡೆಗೇ ಮುಖ ಇರಬೇಕು. ಎರಡು ಕೈ, ಎರಡು ಕಾಲುಗಳಲ್ಲಿ ಯಾವಾಗಲೂ ಮೂರು ಹಿಡಿತದಲ್ಲಿರಬೇಕು. ಇಳಿಯುವಾಗಲೂ ಹಾಗೇ. ಡ್ರೈವರ್ ಸೀಟು ಬಲಗಡೆ. ಕಲಿಸುವವರು ಮೊದಲು ನನ್ನ ಕೈಗೆ ಒಂದು ಹಿಡಿ ಕೊಟ್ಟರು. ಅದು ರಿವರ್ಸರ್, ಮುಂದೆ–ಹಿಂದೆ ಹೋಗುವುದನ್ನು ತೀರ್ಮಾನಿಸುವ ಹಿಡಿ. ತೆಗೆದು ಜೇಬಿಗೆ ಹಾಕಿಕೊಳ್ಳಬಹುದು, ಆಗ ಲೋಕೊ ಅಲ್ಲಾಡುವುದಿಲ್ಲ. ಒಂಥರಾ ಬೀಗದ ಕೈ ಇದ್ದ ಹಾಗೆ. ಅದರ ಜೊತೆಗೆ ಥ್ರಾಟಲ್, ಅಂದರೆ ಶಕ್ತಿ ಏರಿಸಿ ಇಳಿಸುವ ಹಿಡಿ, ಅದಕ್ಕೆ ಎಂಟು ನಾಚ್, ಅಂದರೆ ಎಂಟು ಹಂತ. ಬ್ರೇಕಿಗೆ ಎರಡು ಹಿಡಿ: ಒಂದು ಲೋಕೊಗೆ ಮಾತ್ರ, ಇನ್ನೊಂದು ಇಡೀ ರೈಲಿಗೆ.

ಗಂಟೆ ಬಾರಿಸಿದೆ. ಮುಂದೆ ಹೊರಡುವ ಸೂಚನೆಗೆ ಹಾರ್ನ್ ಎರಡು ಸಲ ಉದ್ದವಾಗಿ. ಲೋಕೊ ಬ್ರೇಕ್ ಬಿಟ್ಟೆ, ಥ್ರಾಟಲ್ ಒಂದನೇ ನಾಚಿಗೆ ಎಳೆದೆ. ಹಿಂದೆ ಎಲ್ಲೋ ‘ಟಕ್’ ಎಂದು ಕಾಂಟ್ಯಾಕ್ಟರ್, ಅಂದರೆ ಕರೆಂಟು ಜೋಡಿಸುವ ದೊಡ್ಡ ಸ್ವಿಚ್, ಕೂತ ಸದ್ದು. ಅಷ್ಟೇ. ಇಂಜಿನ್ ಸದ್ದು ಬದಲಾಗಲೇ ಇಲ್ಲ. ನಾನು ಕೈ ಇನ್ನೊಂದು ನಾಚಿಗೆ ಒಯ್ಯುತ್ತಿದ್ದೆ.

“ಕಾಯಿರಿ. ಆಂಪ್ಸ್ ಮುಳ್ಳು ನೋಡಿ” ಎಂದರು ಕಲಿಸುವವರು.

ಮೋಟಾರುಗಳಿಗೆ ಎಷ್ಟು ಕರೆಂಟು ಹೋಗುತ್ತಿದೆ ಎಂದು ತೋರಿಸುವ ಆ ಮುಳ್ಳು ಮೆಲ್ಲಗೆ ಏರುತ್ತಿತ್ತು. ಈ ಇಂಜಿನ್ ಖಾಲಿ ನಿಂತಾಗ ನಿಮಿಷಕ್ಕೆ 275 ಸುತ್ತು. ಒಂದನೇ ನಾಚಿನಲ್ಲೂ ಅದೇ 275. ಎರಡನೇ ನಾಚಿನಿಂದ 75 ಸುತ್ತಿನಂತೆ ಏರುತ್ತ ಹೋಗಿ ಎಂಟನೆಯದರಲ್ಲಿ 800 ಮುಟ್ಟುತ್ತದೆ. ಹಾಗಾಗಿ ಮೊದಲ ನಾಚಿನಲ್ಲಿ ಕಿವಿಗೆ ಏನೂ ತಿಳಿಯುವುದಿಲ್ಲ, ಮುಳ್ಳೇ ಹೇಳಬೇಕು. ಮುಳ್ಳು ಏರಿ ನಿಂತಿತು. ಕಿಟಕಿಯಾಚೆಯ ಕಂಬ ಹಿಂದಕ್ಕೆ ಸರಿಯಿತು. 112 ಟನ್ ತೂಕದ ಲೋಕೊ ಒಂದು ಕುಲುಕಾಟವೂ ಇಲ್ಲದೆ ಹೊರಟಿತ್ತು!

ಇಲ್ಲೇ ನನಗೆ ಒಂದು ವಿಷಯ ಹೊಳೆದದ್ದು. ಮನೆಯ ಕಂಟ್ರೋಲರಿನಲ್ಲಿ ಗುಂಡಿ ಎಷ್ಟು ತಿರುಗಿಸಿದರೆ ಅಷ್ಟು ವೇಗ. ಅರ್ಧಕ್ಕೆ ಇಟ್ಟರೆ ಅರ್ಧ ವೇಗ, ಸೊನ್ನೆಗೆ ತಂದರೆ ನಿಲ್ಲುತ್ತದೆ. ನಿಜವಾದ ಲೋಕೊದ ಥ್ರಾಟಲ್ ವೇಗ ಕೊಡುವುದಿಲ್ಲ, ಬಲ ಕೊಡುತ್ತದೆ. ವೇಗ ಎಷ್ಟಾಗುತ್ತದೆ ಅನ್ನೋದು ಹಿಂದಿನ ತೂಕಕ್ಕೆ, ಹಳಿಯ ಏರಿಳಿತಕ್ಕೆ ಬಿಟ್ಟದ್ದು. ಒಂದೇ ನಾಚಿನಲ್ಲಿಟ್ಟು ಸುಮ್ನೆ ಕೂತರೂ ಸಮತಟ್ಟಿನಲ್ಲಿ ವೇಗ ಏರುತ್ತಲೇ ಇತ್ತು. ನಮಗಿದ್ದ ಮಿತಿ ಗಂಟೆಗೆ 10 ಮೈಲಿ. ಅದಕ್ಕೆ ತುಂಬ ಮೊದಲೇ ಥ್ರಾಟಲ್ ಇಳಿಸಬೇಕಾಯಿತು. ಇಳಿಸಿದ ಮೇಲೂ ಲೋಕೊ ಏನೂ ಆಗಿಲ್ಲ ಎಂಬಂತೆ ಉರುಳುತ್ತಿತ್ತು.

ಮೊದಲ ಸಲ ನಿಲ್ಲಿಸಿದ್ದು ಸರಿಹೋಗಲಿಲ್ಲ. ಹಳಿ ಪಕ್ಕದ ಬಿಳಿ ಗುರುತಿನ ಹತ್ತಿರ ಕ್ಯಾಬ್, ಅಂದರೆ ನಾವು ಕೂತ ಕೋಣೆ, ನಿಲ್ಲಬೇಕಿತ್ತು. ಬ್ರೇಕ್ ಹಾಕಿದೆ, ಏನೂ ಆದಂತೆ ಕಾಣಲಿಲ್ಲ, ಇನ್ನಷ್ಟು ಹಾಕಿದೆ. ಅಷ್ಟರಲ್ಲಿ ಮೊದಲು ಹಾಕಿದ್ದೂ ಆಮೇಲೆ ಹಾಕಿದ್ದೂ ಒಟ್ಟಿಗೆ ಹಿಡಿದುಕೊಂಡವು. ಗುರುತಿನಿಂದ ಒಂದು ಲೋಕೊ ಉದ್ದ ಮುಂದೆ, ಜೋರಾದ ಜಗ್ಗಿನೊಂದಿಗೆ ನಿಂತೆವು. ಬ್ರೇಕಿನ ಸಿಲಿಂಡರಿಗೆ ಗಾಳಿ ತುಂಬಲು ಸಮಯ ಬೇಕು, ಅದನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ ನಾನು. ಕಲಿಸುವವರು ಬೈಯಲಿಲ್ಲ. “ಬೇಗ ಶುರು ಮಾಡಿ, ಸ್ವಲ್ಪ ಹಾಕಿ, ಕಾಯಿರಿ. ನಿಲ್ಲುವ ಕ್ಷಣಕ್ಕೆ ಮುಂಚೆ ಸ್ವಲ್ಪ ಬಿಡಿ” ಎಂದರು. ಆ ಕೊನೆಯ ಮಾತೇ ಮುಖ್ಯ. ಬ್ರೇಕ್ ಪೂರ್ತಿ ಹಿಡಿದಿರುವಾಗ ನಿಂತರೆ ಜಗ್ಗುತ್ತದೆ, ತುಸು ಬಿಟ್ಟು ನಿಂತರೆ ನಿಂತದ್ದೇ ತಿಳಿಯುವುದಿಲ್ಲ. ನಾಲ್ಕನೇ ಸಲ ನನಗೆ ಅದು ಬಂತು.

ಎರಡನೇ ಅರ್ಧ ಗಂಟೆಯಲ್ಲಿ ಹಿಂದೆ ಐದು ವ್ಯಾಗನ್ ಜೋಡಿಸಿದರು. ಇದರ ಬ್ರೇಕ್ ಬೇರೆಯೇ ಲೋಕ. ಜಾರ್ಜ್ ವೆಸ್ಟಿಂಗ್‌ಹೌಸ್ 1869ರಲ್ಲಿ ಮಾಡಿದ ಮೊದಲ ಗಾಳಿ ಬ್ರೇಕಿನಲ್ಲಿ ಪೈಪಿಗೆ ಗಾಳಿ ಬಿಟ್ಟರೆ ಬ್ರೇಕ್ ಹಿಡಿಯುತ್ತಿತ್ತು. ಪೈಪ್ ಎಲ್ಲಾದರೂ ಹರಿದರೆ ಬ್ರೇಕೇ ಇಲ್ಲ. 1872ರಲ್ಲಿ ಅದನ್ನು ಆತ ತಿರುಗಾಮುರುಗಾ ಮಾಡಿದ. ಪೈಪಿನಲ್ಲಿ ಯಾವಾಗಲೂ ಗಾಳಿ ತುಂಬಿರುತ್ತದೆ, ಪ್ರತಿ ವ್ಯಾಗನ್ನಿನಲ್ಲೂ ಒಂದು ಸಣ್ಣ ಟ್ಯಾಂಕಿನಲ್ಲಿ ಗಾಳಿ ಕೂಡಿಟ್ಟಿರುತ್ತದೆ. ಪೈಪಿನ ಒತ್ತಡ ಇಳಿದರೆ ವ್ಯಾಗನ್ ತನ್ನದೇ ಗಾಳಿಯಿಂದ ಬ್ರೇಕ್ ಹಾಕಿಕೊಳ್ಳುತ್ತದೆ. ರೈಲು ತುಂಡಾದರೆ ಎರಡೂ ತುಂಡು ತಾವೇ ನಿಲ್ಲುತ್ತವೆ. ಎಷ್ಟು ಒಳ್ಳೆಯ ಯೋಚನೆ ಅಲ್ವಾ? ಇವತ್ತಿಗೂ ರೈಲುಗಳು ಓಡುತ್ತಿರುವುದು ಅದೇ ತತ್ವದ ಮೇಲೆ.

ನಮ್ಮ ಪೈಪಿನಲ್ಲಿ ಗಾಳಿಯ ಒತ್ತಡ 90 ಪಿಎಸ್‌ಐ (ಚದರ ಅಂಗುಲಕ್ಕೆ 90 ಪೌಂಡ್) ಇತ್ತು. ಹಿಡಿ ಸರಿಸಿ ಏಳು ಪಿಎಸ್‌ಐ ಇಳಿಸಿದೆ. ಕ್ಯಾಬಿನಲ್ಲಿ ‘ಸ್ಸ್’ ಎಂದು ಗಾಳಿ ಹೋಯಿತು. ಲೋಕೊದ ಬ್ರೇಕೂ ಜೊತೆಗೇ ಹಿಡಿಯಲು ನೋಡುತ್ತದೆ. ಅದನ್ನು ಹಿಡಿಯಗೊಡದೆ ಲೋಕೊ ಬ್ರೇಕಿನ ಹಿಡಿಯನ್ನು ಕೆಳಗೆ ಒತ್ತಿ ಬಿಡಿಸಬೇಕು. ಆಗ ಹಿಂದಿನ ವ್ಯಾಗನ್ನುಗಳು ಹಿಡಿದೆಳೆಯುತ್ತವೆ, ರೈಲು ಬಿಗಿಯಾಗಿ ಚಾಚಿಕೊಂಡೇ ಇರುತ್ತದೆ. ಇಲ್ಲದಿದ್ದರೆ ಲೋಕೊ ನಿಲ್ಲುತ್ತದೆ, ವ್ಯಾಗನ್ನುಗಳು ಒಂದರ ಹಿಂದೊಂದು ಬಂದು ಗುದ್ದುತ್ತವೆ. ಕಪ್ಲಿಂಗುಗಳಲ್ಲಿ ಆ ಸಡಿಲ ಇದ್ದೇ ಇರುತ್ತದೆ. ಇನ್ನೊಂದು ಕಷ್ಟ: ಅಲ್ಲಿನ ಗೂಡ್ಸ್ ವ್ಯಾಗನ್ನಿನ ಬ್ರೇಕನ್ನು ಸ್ವಲ್ಪ ಸ್ವಲ್ಪ ಬಿಡಲು ಆಗುವುದಿಲ್ಲ. ಬಿಟ್ಟರೆ ಪೂರ್ತಿ ಬಿಟ್ಟಂತೆ. ಮತ್ತೆ ಗಾಳಿ ತುಂಬುವ ಮೊದಲೇ ಪದೇ ಪದೇ ಹಾಕಿ ಬಿಟ್ಟು ಮಾಡಿದರೆ ಬೇಕಾದಾಗ ಬ್ರೇಕಿಗೆ ಶಕ್ತಿಯೇ ಇರುವುದಿಲ್ಲ. ಹಾಗಾಗಿ ಎಷ್ಟು ಹಾಕಬೇಕು, ಎಲ್ಲಿ ಹಾಕಬೇಕು ಎಂದು ಮೊದಲೇ ತೀರ್ಮಾನಿಸಬೇಕು. ಐದೇ ವ್ಯಾಗನ್ನಿಗೆ ಇಷ್ಟು ಯೋಚನೆ. ನೂರು ವ್ಯಾಗನ್ ಎಳೆಯುವವರ ಬಗ್ಗೆ ಅವತ್ತಿನಿಂದ ನನ್ನ ಗೌರವ ತುಂಬ ಜಾಸ್ತಿಯಾಗಿದೆ.

ಕೊನೆಯ ಸಲ ಗುರುತಿಗೆ ಎರಡು ಅಡಿ ಮೊದಲೇ ನಿಂತೆವು. ಕಲಿಸುವವರು ತಲೆಯಾಡಿಸಿ, ರಿವರ್ಸರ್ ಹಿಡಿಯನ್ನು ನನ್ನ ಕೈಯಿಂದ ವಾಪಸ್ ತೆಗೆದುಕೊಂಡರು.

ಮನೆಗೆ ಬಂದು ಮೊದಲು ಮಾಡಿದ್ದು ನನ್ನ ಪುಟ್ಟ ಜಿಪಿ7ರ ಡಿಕೋಡರ್, ಅಂದರೆ ಅದರ ಮೋಟಾರನ್ನು ನಡೆಸುವ ಒಳಗಿನ ಸರ್ಕ್ಯೂಟ್, ಸರಿಪಡಿಸಿದ್ದು. ಡಿಸಿಸಿ, ಅಂದರೆ ಮಾದರಿ ರೈಲಿನ ಡಿಜಿಟಲ್ ನಿಯಂತ್ರಣ, ಇಟ್ಟುಕೊಂಡವರಿಗೆ ಗೊತ್ತಿರುತ್ತದೆ, ಡಿಕೋಡರಿನ ಸೆಟ್ಟಿಂಗುಗಳಲ್ಲಿ ಸಿವಿ3 ವೇಗ ಎಷ್ಟು ನಿಧಾನ ಏರಬೇಕು ಎಂಬುದಕ್ಕೆ, ಸಿವಿ4 ಎಷ್ಟು ನಿಧಾನ ಇಳಿಯಬೇಕು ಎಂಬುದಕ್ಕೆ. ಇಷ್ಟು ವರ್ಷ ಎರಡನ್ನೂ ಸೊನ್ನೆಯಲ್ಲೇ ಇಟ್ಟಿದ್ದೆ. ಈಗ ಸಿವಿ3 ಏರಿಸಿದ್ದೇನೆ, ಸಿವಿ4 ಅದಕ್ಕಿಂತ ಜಾಸ್ತಿ ಏರಿಸಿದ್ದೇನೆ. ನನ್ನ ಡಿಕೋಡರಿನಲ್ಲಿ ಬ್ರೇಕಿಗೆ ಬೇರೆ ಗುಂಡಿಯೂ ಇತ್ತು, ಒಮ್ಮೆಯೂ ಮುಟ್ಟಿರಲಿಲ್ಲ. ಈಗ ಕಂಟ್ರೋಲರ್ ಸೊನ್ನೆಗೆ ತಂದರೂ ಆ ಇಪ್ಪತ್ತು ಸೆಂಟಿಮೀಟರಿನ ಲೋಕೊ ಮೇಜಿನ ಅರ್ಧ ಉದ್ದ ಉರುಳುತ್ತದೆ. ಬ್ರೇಕ್ ಗುಂಡಿ ಒತ್ತುತ್ತೇನೆ, ಕಾಯುತ್ತೇನೆ, ನಿಲ್ಲುವ ಮುಂಚೆ ಬಿಡುತ್ತೇನೆ. ನಿನ್ನೆ ಸ್ಟೇಷನ್ನಿನ ಕಂಬಕ್ಕೆ ಸರಿಯಾಗಿ ನಿಂತಿತು.